ಬೀಗರ ಕಂಪ್ಯೂಟರಿಗೆ ಬಿದ್ದ ಬೀಗ

ಕೊರೋಚಿಗೆ ಹೋದವರಿಗೆ ಊರು ಕಾಣುವ ಮೊದಲೇ ಊರಿನ ಸದ್ದು ಕೇಳಿಸುತ್ತದೆ. ಇಚಲಕರಂಜಿಗೆ ಅಂಟಿಕೊಂಡ ಈ ಊರಿನಲ್ಲಿ ಮಗ್ಗದ ಖಟ್‌ಖಟ್ ನಿಂತರೆ ಕೂಸುಗಳು ನಿದ್ದೆಯಿಂದ ಏಳುತ್ತವೆ ಎಂದು ಅಲ್ಲಿಯವರು ನಗೆಯಾಡುತ್ತಾರೆ. 2024ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಇನ್ನೆರಡು ವಾರ ಇರುವಾಗ, ನಾನು ಅಲ್ಲಿರುವ ನಮ್ಮ ಬೀಗರ ಮನೆಗೆ ಹೋಗಿದ್ದೆ. ಮಗ್ಗಗಳೇನೋ ನಡೆದಿದ್ದವು. ಬೀಗರು ಮಾತ್ರ ಕಟ್ಟೆಯ ಮೇಲೆ ತಲೆಗೆ ಕೈ ಕೊಟ್ಟು ಕುಳಿತಿದ್ದರು.

"ಬರ್ರಿ ಬೀಗರೇ, ಒಳಗ ಬಂದು ನೋಡ್ರಿ ನಮ್ಮ ಹಣೇಬಾರ" ಎಂದು ಲೆಕ್ಕದ ಕೋಣೆಗೆ ಕರೆದೊಯ್ದರು. ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷಿನ ಒಂದು ಚೀಟಿ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಬಿಟ್‌ಕಾಯಿನ್ ಲೆಕ್ಕದಲ್ಲಿ ಹಣ ಕಳಿಸಿ ಎಂಬುದು ಅದರ ತಾತ್ಪರ್ಯ. ನಾಲ್ಕು ವರ್ಷದ ಟ್ಯಾಲಿ ಲೆಕ್ಕ ಅದರೊಳಗೆ. ಇಪ್ಪತ್ತನೇ ತಾರೀಖಿಗೆ ಜಿಎಸ್‌ಟಿ ರಿಟರ್ನ್, ಶನಿವಾರ ಹನ್ನೊಂದು ಮಂದಿ ಕೆಲಸಗಾರರ ಪಗಾರ, ಹಬ್ಬದ ಮುಂದೆ ಬರಬೇಕಾದ ಉದ್ರಿ. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಒಂದೂ ತಿಳಿಯದು.

ಈ ರೋಗ ಹೊಸದಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬುದು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರಿಗೆ ಹೀಗೇ ಬೀಗ ಜಡಿಯಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳೂ ಅಂದು ಕಂಗಾಲಾದವು. ಮನಸ್ಸಿಗೆ ನಾಟುವ ಸಂಗತಿ ಎಂದರೆ, ಆ ಕಳ್ಳ ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಆ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳ ಕಾಲ ಆ ತೇಪೆ ಹಚ್ಚದೆ ಬಿಟ್ಟವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಅಪ್‌ಡೇಟ್ ಎಂದು ಬಂದಾಗ "ನಾಳಿ ನೋಡೋಣು" ಅನ್ನುವ ನಮ್ಮ ಚಾಳಿ ಜಗತ್ತಿಗೆಲ್ಲ ಇದೆ ಅನ್ನಿ.

ಬೀಗರ ಯಂತ್ರದಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ತೇಪೆ ಬರುವುದು 2020ರ ಜನವರಿಗೇ ನಿಂತಿತ್ತು. (ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಅಂಗಡಿಯಲ್ಲಿ ಅದೇ ಇದ್ದವರು ತಡಮಾಡಬೇಡಿ.) ಅದರ ಮೇಲೆ, ಯಾರೋ ಪರಿಚಯದ ಹುಡುಗ ಪುಕ್ಕಟೆ ಹಾಕಿಕೊಟ್ಟ ಕ್ರ್ಯಾಕ್ ಮಾಡಿದ ತಂತ್ರಾಂಶ. ಕ್ರ್ಯಾಕ್ ಹಾಕುವಾಗ ಮೊದಲು ಆಂಟಿವೈರಸ್ ಆರಿಸಿ ಅನ್ನುತ್ತಾರೆ. ಕಾವಲು ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆದಂತಾಯಿತಲ್ಲ! ಆಮೇಲೆ ಅದನ್ನು ಹಚ್ಚುವ ನೆನಪು ಯಾರಿಗೂ ಬರಲಿಲ್ಲ. ಕೊನೆಗೆ ನೂಲಿನ ಬಿಲ್ಲು ಎಂಬ ಹೆಸರಿನಲ್ಲಿ ಬಂದ ಇ-ಮೇಲ್ ಒಂದನ್ನು ಗುಮಾಸ್ತ ತೆರೆದಿದ್ದ. ಹೆಸರಿನ ಕೊನೆಗೆ ಪಿಡಿಎಫ್ ಎಂದಿತ್ತಂತೆ. ವಿಂಡೋಸ್ ಫೈಲಿನ ನಿಜವಾದ ಬಾಲವನ್ನು ಮುಚ್ಚಿಡುತ್ತದೆ. ಪಿಡಿಎಫ್ ಆದ ಮೇಲೆ ಇಎಕ್ಸ್‌ಇ ಎಂಬ ಇನ್ನೊಂದು ಬಾಲ ಇದ್ದರೆ ಅದು ಕಾಗದವಲ್ಲ, ಓಡುವ ಪ್ರೋಗ್ರಾಂ. ಫೈಲುಗಳ ಕಿಟಕಿಯಲ್ಲಿ ವ್ಯೂ ಒತ್ತಿ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬಲ್ಲಿ ಗುರುತು ಹಾಕಿದರೆ ಬಾಲ ಕಾಣುತ್ತದೆ. ಅರ್ಧ ನಿಮಿಷದ ಕೆಲಸ. ಮೊಬೈಲಿನಲ್ಲಾದರೆ ಎಪಿಕೆ ಎಂಬ ಬಾಲಕ್ಕೆ ಹೆದರಿ. ಮದುವೆ ಕರೆಯೋಲೆ, ಗಾಡಿಯ ದಂಡ, ಪಿಎಂ ಕಿಸಾನ್ ಹಣ ಎಂದೆಲ್ಲ ವಾಟ್ಸಾಪಿನಲ್ಲಿ ಇದೇ ಬರುತ್ತದೆ.

ಬೀಗರಿಗೆ ಹಣ ಕೊಟ್ಟುಬಿಡುವ ಮನಸ್ಸಿತ್ತು. ಬೇಡವೆಂದವಳು ನನ್ನ ಮಗಳು. "ಮಾವಾರ, ಕಳ್ಳನ ಮಾತಿಗೆ ರಶೀದಿ ಎಲ್ಲೈತ್ರಿ?" ಅಂದಳು. ನೋ ಮೋರ್ ರ್‍ಯಾನ್ಸಮ್ ಎಂಬ ತಾಣವನ್ನು 2016ರಲ್ಲಿ ಯುರೋಪೋಲ್ ಮತ್ತು ಡಚ್ ಪೋಲೀಸರು ಸೇರಿ ತೆರೆದಿದ್ದಾರೆ. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿ ಸಿಗುತ್ತದೆ. ನಮ್ಮದಕ್ಕೆ ಸಿಗಲಿಲ್ಲ.

ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇಡುತ್ತಿದ್ದ ಹಾರ್ಡ್‌ಡಿಸ್ಕಿನಲ್ಲಿ ನಕಲು ಇತ್ತು. ಅದಕ್ಕೂ ಬೀಗ ಬಿದ್ದಿತ್ತು. ಮನೆಗೆ ಬೆಂಕಿ ಬಿದ್ದಾಗ ಅದೇ ಮನೆಯ ಅಟ್ಟದ ಮೇಲಿನ ಬೀಜ ಉಳಿಯುತ್ತದೆಯೆ? ಉಳಿಸಿದ್ದು ಒಂದು ಪೆನ್‌ಡ್ರೈವ್. ಗಣೇಶ ಚೌತಿಯ ಮುಂದೆ ಆಡಿಟರು ಕೇಳಿದರೆಂದು ಮಗಳು ಲೆಕ್ಕದ ನಕಲು ಮಾಡಿ ಅವರಿಗೆ ಕೊಟ್ಟಿದ್ದಳು, ವಾಪಸು ತರುವುದು ಮರೆತಿತ್ತು. ಆ ಮರೆವೇ ದೇವರಾಯಿತು.

ಚೌತಿಯಿಂದ ಈಚಿನ ಆರು ವಾರದ ಲೆಕ್ಕವನ್ನು ಹೊಸದಾಗಿ ಕಟ್ಟಬೇಕಾಯಿತು. ಮೂರು ರಾತ್ರಿ ಕುಳಿತೆವು. ನೂಲು ಮಾರಿದವರು ತಮ್ಮ ಬಿಲ್ಲನ್ನು ಜಿಎಸ್‌ಟಿ ತಾಣಕ್ಕೆ ಏರಿಸಿರುತ್ತಾರಲ್ಲ, ಸೆಪ್ಟೆಂಬರಿನ ಖರೀದಿ ಜಿಎಸ್‌ಟಿಆರ್ 2ಬಿ ಪಟ್ಟಿಯಲ್ಲಿ ಸಿಕ್ಕಿತು. ಮಾರಾಟ ನಮ್ಮದೇ ಇ-ವೇ ಬಿಲ್ಲುಗಳಲ್ಲಿ, ಜಮಾ-ಖರ್ಚು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ. ಸಿಗದೆ ಹೋದದ್ದು ಕೈಯಿಂದ ಕೊಟ್ಟ ರೊಕ್ಕ, ಅಂದರೆ ಕೆಲಸಗಾರರಿಗೆ ಕೊಟ್ಟ ಉಚಲು. ಅದು ಯಾವ ಸರಕಾರದ ತಾಣದಲ್ಲೂ ಇರುವುದಿಲ್ಲ. ಹಿಂದೆ ಕೆಂಪು ಬಟ್ಟೆಯ ಕೀರ್ದಿಯಲ್ಲಿ ಬರೆಯುತ್ತಿದ್ದರು, ಕಂಪ್ಯೂಟರ್ ಬಂದ ಮೇಲೆ ಕೀರ್ದಿ ಕಟ್ಟಿಟ್ಟಿದ್ದರು.

ನನಗೂ ಈ ಪೆಟ್ಟು ಗೊತ್ತು. ಒಂದು ಕಾಲಕ್ಕೆ ನನ್ನ ಕನ್ನಡ, ತೆಲುಗು ಪದ್ಯಗಳನ್ನು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ ಅಲ್ಲಿಯೇ ಬಿಟ್ಟಿದ್ದೆ. ಡಿಸ್ಕು ಕೆಟ್ಟಿತು, ತೆಲುಗಿನವು ಪೂರ್ತಿ ಹೋದವು. ಉಳಿದ ಕನ್ನಡದ ಫೈಲನ್ನು ಬೇರೆ ಕಡೆ ತೆರೆದರೆ ಅಕ್ಷರದ ಬದಲು ಇಂಗ್ಲಿಷಿನ ಕಲಸುಮೇಲೋಗರ. ಆ ಫಾಂಟು ಇದ್ದಲ್ಲಿ ಮಾತ್ರ ಓದಿಸಿಕೊಳ್ಳುವ ಹಳೇ ಪದ್ಧತಿ ಅದು. ಎರಡು ಮೂರು ಭಾಷೆಯಲ್ಲಿ ಪತ್ರ ಬರೆಯುವ ನಮ್ಮ ಗಡಿಯ ವ್ಯಾಪಾರಿಗಳು ಯೂನಿಕೋಡಿನಲ್ಲೇ ಬರೆದಿಡುವುದು ಒಳ್ಳೆಯದು. ನುಡಿ, ಬರಹ ಎರಡರ ಹೊಸ ಆವೃತ್ತಿಯಲ್ಲೂ ಆ ಸೌಲಭ್ಯ ಇದೆ.

ಈಗ ಮಗಳ ಪದ್ಧತಿ ಹೀಗಿದೆ. ದಿನಾ ಸಂಜೆ ಟ್ಯಾಲಿ ಪ್ರೈಮಿನಲ್ಲಿ ಆಲ್ಟ್ ಜೊತೆ ವೈ ಒತ್ತಿ ಬ್ಯಾಕಪ್ ತೆಗೆಯುತ್ತಾಳೆ, ತೆಗೆದ ಕೂಡಲೆ ಡ್ರೈವನ್ನು ಕೀಳುತ್ತಾಳೆ. ಡ್ರೈವುಗಳು ಎರಡು. ಒಂದು ಮನೆಯ ತಿಜೋರಿಯಲ್ಲಿದ್ದರೆ ಇನ್ನೊಂದು ಇಚಲಕರಂಜಿಯ ನೆಂಟರ ಮನೆಯಲ್ಲಿ, ಶನಿವಾರಕ್ಕೊಮ್ಮೆ ಅದಲುಬದಲು. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಫೋಲ್ಡರಿನಲ್ಲಿ ತೆರೆದು ನೋಡುತ್ತಾಳೆ. ಹಳೇ ಫೋಲ್ಡರಿನಲ್ಲೇ ತೆರೆದರೆ ಇದ್ದ ಲೆಕ್ಕದ ಮೇಲೆ ಹಳೆಯದು ಕೂತೀತು, ಎಚ್ಚರ. ಗುಮಾಸ್ತನಿಗೆ ಬೇರೆ ಖಾತೆ. ಅದರಲ್ಲಿ ಹೊಸ ಪ್ರೋಗ್ರಾಂ ಹಾಕಬೇಕೆಂದರೆ ಮಗಳ ಪಾಸ್‌ವರ್ಡ್ ಬೇಕು.

ಬೀಗರು ಕಲಿತದ್ದು ಇನ್ನೊಂದು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಈ ನಂಬರಿಗೆ ಹಾಕಿ" ಎಂದು ನೂಲಿನವರ ಹೆಸರಿನಲ್ಲಿ ಪತ್ರ ಬಂದರೆ, ಪತ್ರದಲ್ಲಿದ್ದ ನಂಬರಿಗಲ್ಲ, ತಮ್ಮ ಹಳೇ ವಹಿಯಲ್ಲಿದ್ದ ನಂಬರಿಗೆ ಫೋನು ಹಚ್ಚಿ ಕೇಳುತ್ತಾರೆ. ಯುಪಿಐನಲ್ಲಿ ಹಣ ಬರುವುದಕ್ಕೆ ಪಿನ್ ಒತ್ತಬೇಕಿಲ್ಲ ಎಂಬುದನ್ನು ಗೋಡೆಗೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆಸಿದ್ದಾರೆ. ಅದರ ಕೆಳಗೆ ದೊಡ್ಡದಾಗಿ 1930. ಹಣ ಹೋದದ್ದು ತಿಳಿದ ಕ್ಷಣವೇ ಮಾಡಬೇಕಾದ ಫೋನು ಅದು. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ತಡೆಯುವ ಅವಕಾಶ ಇರುತ್ತದೆ.

ಉಚಲಿನ ಮಾತು ಉಳಿಯಿತು. ಆ ಶನಿವಾರ ಬೀಗರು ಹನ್ನೊಂದು ಮಂದಿಯನ್ನೂ ಕೂಡಿಸಿ, "ನನ್ನ ಲೆಕ್ಕ ಹೋಗೈತ್ರಪ್ಪ, ನೀವ ಹೇಳ್ರಿ" ಅಂದರು. ಒಂಬತ್ತು ಮಂದಿ ತಾವು ಪಡೆದದ್ದನ್ನು ತಾವೇ ಹೇಳಿದರು. ಒಬ್ಬಾತ ಬೀಗರು ಮರೆತೇಬಿಟ್ಟಿದ್ದ ಎರಡು ಸಾವಿರವನ್ನೂ ಸೇರಿಸಿದ. ಉಳಿದಿಬ್ಬರ ಲೆಕ್ಕ ಇನ್ನೂ ತಾಳೆಯಾಗಿಲ್ಲ. ಅವರು ಹೇಳುವುದೇ ಸರಿಯಿದ್ದರೂ ಇರಬಹುದು, ಯಾರ ಬಳಿಯೂ ಕಾಗದ ಇಲ್ಲ. ಕೆಂಪು ಕೀರ್ದಿ ಈಗ ಮತ್ತೆ ಮೇಜಿನ ಮೇಲೆ ಬಂದಿದೆ.