ಕೋಳಿಮರಿಗೆ ಗರಿ ಮೂಡುವ ಬಗೆ

ಒಂದು ದಿನದ ಕೋಳಿಮರಿಯನ್ನು ಅಂಗೈಯಲ್ಲಿಟ್ಟು ನೋಡಿದರೆ ಅದು ಹತ್ತಿಯ ಉಂಡೆಯಂತೆ ತೋರುತ್ತದೆ. ಆದರೆ ಅದರ ಮೈಮೇಲಿರುವುದು ಗರಿಯಲ್ಲ, ಬರಿಯ ತುಪ್ಪುಳ. ನೋಟಕ್ಕೆ ಎಷ್ಟೇ ಬೆಚ್ಚಗೆ ಕಂಡರೂ ಈ ಹೊದಿಕೆ ಮರಿಯ ಮೈಬಿಸಿಯನ್ನು ಹಿಡಿದಿಡಲು ಸಾಲದು. ಬೆಳೆದ ಕೋಳಿಯ ಮೈಶಾಖ ಸುಮಾರು ೪೧ ಡಿಗ್ರಿ ಸೆಂಟಿಗ್ರೇಡ್. ಆಗತಾನೆ ಹುಟ್ಟಿದ ಮರಿಯದು ಅದಕ್ಕಿಂತ ಒಂದೆರಡು ಡಿಗ್ರಿ ಕಡಮೆ; ಅದೂ ಸುತ್ತಲಿನ ಗಾಳಿ ತಣ್ಣಗಾದೊಡನೆ ಇಳಿಯತೊಡಗುತ್ತದೆ. ತಾಯಿಯ ರೆಕ್ಕೆಯಡಿ ಬೆಳೆಯುವ ಮರಿಗೆ ಈ ಚಿಂತೆಯಿಲ್ಲ. ತಾಯಿಯಿಲ್ಲದ ಮರಿಯ ಪಾಡೇನು?

ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯ ದೇವನೂರಿನಂತಹ ಹಳ್ಳಿಗಳಲ್ಲಿ ಈ ಪ್ರಶ್ನೆ ಈಗ ಬರಿಯ ಪುಸ್ತಕದ ಪ್ರಶ್ನೆಯಲ್ಲ. ನಾಟಿಕೋಳಿ ತಾನೇ ಕಾವಿಗೆ ಕುಳಿತು, ಮರಿ ಮಾಡಿ, ಅವನ್ನು ಹಿಂದಿಟ್ಟುಕೊಂಡು ತಿರುಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ೧೯೮೦ರ ದಶಕದಲ್ಲಿ ಹೆಬ್ಬಾಳದಲ್ಲಿ ರೂಪಿಸಿದ ‘ಗಿರಿರಾಜ’ ತಳಿಯದು ಬೇರೆ ಕಥೆ. ಹಿತ್ತಿಲಲ್ಲಿ ಸಾಕಲೆಂದೇ ಹುಟ್ಟಿದ ಈ ಬಣ್ಣಬಣ್ಣದ ಕೋಳಿಯ ಮರಿಗಳು ಸಾಮಾನ್ಯವಾಗಿ ಯಂತ್ರದ ಕಾವಿನಲ್ಲಿ ಹುಟ್ಟಿ, ಪೆಟ್ಟಿಗೆಯಲ್ಲಿ ಊರು ಸೇರುತ್ತವೆ. ಮೈಸೂರು ಸೀಮೆಯಲ್ಲಿ ಪುಷ್ಯಮಾಸದ ರಾತ್ರಿ ೧೬-೧೭ ಡಿಗ್ರಿಗೆ ಇಳಿಯುವುದುಂಟು. ಆ ಚಳಿಗೆ ಮರಿಗಳು ಒಂದರ ಮೇಲೊಂದು ಒತ್ತರಿಸಿ ಬಿದ್ದು, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ. ಬೆಳಗ್ಗೆ ಬುಟ್ಟಿ ತೆರೆದವರು ‘ಏನೋ ರೋಗ ಬಡಿಯಿತು’ ಎನ್ನುವುದು ವಾಡಿಕೆ. ಅನೇಕ ವೇಳೆ ಅದು ರೋಗವಲ್ಲ. ಗರಿ ಬರುವ ಮುನ್ನವೇ ಕಾವು ತಪ್ಪಿದುದರ ಫಲ.

ಹಾಗಾದರೆ ಗರಿ ಬರುವುದೆಂದರೇನು? ಇದರ ಆರಂಭ ಮೊಟ್ಟೆಯೊಳಗೇ ಇದೆ. ಕಾವಿನ ಇಪ್ಪತ್ತೊಂದು ದಿನಗಳಲ್ಲಿ ಮೊದಲ ವಾರ ಕಳೆಯುವಷ್ಟರಲ್ಲಿ ಭ್ರೂಣದ ಬೆನ್ನಿನ ಮೇಲೆ ಸಾಲುಸಾಲಾಗಿ ಸಣ್ಣ ಗುಳ್ಳೆಗಳೇಳುತ್ತವೆ. ಒಂದೊಂದು ಗುಳ್ಳೆಯೂ ಮುಂದೆ ಚರ್ಮದೊಳಕ್ಕೆ ಇಳಿದು ಒಂದು ಕುಳಿಯಾಗುತ್ತದೆ. ಕೋಳಿ ತನ್ನ ಆಯುಷ್ಯದಲ್ಲಿ ಎಷ್ಟು ಸಲ ಗರಿ ಉದುರಿಸಿ ಹೊಸದನ್ನು ತೊಟ್ಟರೂ ಅವೆಲ್ಲ ಹುಟ್ಟುವುದು ಈ ಕುಳಿಗಳಿಂದಲೇ. ಮೈಯೆಲ್ಲ ಒಂದೇ ಸಮನೆ ಈ ಕುಳಿಗಳಿಲ್ಲ, ಅವು ಪಟ್ಟಿಪಟ್ಟಿಯಾಗಿವೆ. ಪಟ್ಟಿಗಳ ನಡುವಣ ಚರ್ಮ ಬೋಳು. ಗರಿ ತರಿದ ಕೋಳಿಯನ್ನು ಗಮನಿಸಿದವರು ಈ ಸಾಲುಗಳನ್ನು ಕಂಡಿರಬಹುದು.

ಕುಳಿಯಿಂದ ಮೊದಲು ಹೊರಡುವುದು ತುಪ್ಪುಳ. ಅದಕ್ಕೆ ನಡುದಂಟಿಲ್ಲ; ಒಂದೇ ಬುಡದಿಂದ ಎಳೆಗಳು ಕುಂಚದಂತೆ ಹರಡಿರುತ್ತವೆ. ಎಳೆಗಳ ನಡುವೆ ಸಿಕ್ಕಿದ ಗಾಳಿಯೇ ಮರಿಯ ಕಂಬಳಿ. ನೆನೆದರೆ ಎಳೆಗಳು ಅಂಟಿಕೊಂಡು ಗಾಳಿ ಹೊರಟುಹೋಗುತ್ತದೆ, ಕಂಬಳಿಯೂ ಹೋಯಿತು. ಜಡಿಮಳೆಯಲ್ಲಿ ಸಿಕ್ಕಿದ ಮರಿ ನಡುಗುವುದು ಇದಕ್ಕೇ.

ಬಳಿಕ ಅದೇ ಕುಳಿಯಿಂದ ನಿಜವಾದ ಗರಿ ಮೇಲೇಳುತ್ತದೆ. ಕುಳಿಯ ತಳದಲ್ಲಿ ಬಳೆಯಾಕಾರದ ಜೀವಕೋಶಗಳ ವೃತ್ತವೊಂದಿದೆ. ಶಾವಿಗೆಯ ಒರಳಿನಿಂದ ಎಳೆ ಹೊರಡುವಂತೆ, ಈ ಬಳೆಯಿಂದ ಗರಿ ಹೊರಕ್ಕೆ ತಳ್ಳಲ್ಪಡುತ್ತದೆ. ಆದ್ದರಿಂದ ಗರಿಯ ತುದಿ ಎಲ್ಲಕ್ಕಿಂತ ಹಳೆಯದು, ಬುಡ ಹೊಸದು. ಬಳೆಯ ಎರಡು ಪಕ್ಕಗಳಿಂದ ಹೊರಟ ಎಳೆಗಳು ಒಂದು ಬದಿಯಲ್ಲಿ ಕೂಡಿಕೊಂಡು ನಡುದಂಟಿಗೆ ಸೇರುತ್ತವೆ. ಒಂದೊಂದು ಎಳೆಗೂ ಕವಲುಗಳು, ಕವಲುಗಳಿಗೆ ಕಣ್ಣಿಗೆ ಕಾಣದ ಕೊಕ್ಕೆಗಳು. ಕೊಕ್ಕೆಗಳು ಪಕ್ಕದ ಎಳೆಯನ್ನು ಹಿಡಿದುಕೊಳ್ಳುವುದರಿಂದಲೇ ಗರಿ ನೇಯ್ದ ಬಟ್ಟೆಯಂತೆ ಗಾಳಿಯನ್ನೂ ನೀರನ್ನೂ ತಡೆಯಬಲ್ಲುದು.

ಬೆಳೆಯುವ ಗರಿ ಮೊದಲಿಗೆ ಒಂದು ತೆಳುವಾದ ಕೊಳವೆಯೊಳಗೆ ಸುತ್ತಿಕೊಂಡಿರುತ್ತದೆ. ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಈ ಮುಳ್ಳಿನಂತಹ ಎಳೆಗರಿ ಮುರಿದರೆ ರಕ್ತ ಸುರಿಯುವುದು ಅದರಿಂದಲೇ. ಬೆಳವಣಿಗೆ ಮುಗಿದ ಮೇಲೆ ರಕ್ತ ಹಿಂದೆ ಸರಿದು, ಗರಿ ನಮ್ಮ ಉಗುರಿನಂತೆ ನಿರ್ಜೀವ ವಸ್ತುವಾಗುತ್ತದೆ. ಎರಡು ವಾರದ ಮರಿಯ ಗರಿಯ ತುದಿಯಲ್ಲಿ ಹಳೆಯ ತುಪ್ಪುಳದ ಚೂರು ತೂಗುತ್ತಿರುವುದನ್ನು ನೋಡಿದ್ದೀರಾ? ಒಂದೇ ಕುಳಿಯ ಹಿಂದಿನ ಫಸಲು ಮುಂದಿನ ಫಸಲಿನ ತಲೆಯ ಮೇಲೆ ಕುಳಿತು ಬಂದಿರುವುದು ಅದು.

ಗರಿಗಳು ಬರುವುದಕ್ಕೂ ಒಂದು ಕ್ರಮವಿದೆ. ರೆಕ್ಕೆಯ ಗರಿಗಳು ಮೊದಲು. ಕೆಲವು ಮರಿಗಳಲ್ಲಿ ಅವು ಹುಟ್ಟಿದ ದಿನವೇ ಇಣುಕುತ್ತವೆ. ಅನಂತರ ಬಾಲ ಮತ್ತು ಭುಜ, ಆಮೇಲೆ ಎದೆ, ತೊಡೆ, ಬೆನ್ನು, ಕತ್ತು. ತಲೆಯದು ಕೊನೆಯ ಸರದಿ. ಬಿಳಿ ಲೆಗ್‌ಹಾರ್ನಿನಂತಹ ಹಗುರ ತಳಿಯ ಮರಿಗೆ ಹತ್ತನೆಯ ದಿನಕ್ಕೇ ಪುಟ್ಟ ಬಾಲ ಬಂದು, ಐದಾರು ವಾರಗಳಲ್ಲಿ ಮೈ ಮುಚ್ಚುತ್ತದೆ. ಪ್ಲಿಮತ್ ರಾಕ್‌ನಂತಹ ಭಾರಿ ತಳಿಗಳಲ್ಲಿ ಎಂಟು ವಾರವಾದರೂ ಬೆನ್ನು ಬೋಳಾಗಿರುವ ಮರಿಗಳುಂಟು.

ಈ ಬೇಗ-ನಿಧಾನಗಳ ಮೂಲ ವಂಶಗುಣದಲ್ಲಿದೆ. ೧೯೨೦ರ ದಶಕದಲ್ಲಿ ರಷ್ಯದ ಸೆರೆಬ್ರೋವ್‌ಸ್ಕಿ, ಅಮೆರಿಕದ ವಾರೆನ್ ಮೊದಲಾದವರು ಇದು ಲಿಂಗವನ್ನು ನಿರ್ಧರಿಸುವ ‘ಜೆಡ್’ ವರ್ಣತಂತುವಿನ ಮೇಲಿರುವ ಗುಣವೆಂದು ತೋರಿಸಿದರು. ಹುಂಜಕ್ಕೆ ಜೆಡ್ ಎರಡು, ಹೇಂಟೆಗೆ ಒಂದೇ. ನಿಧಾನದ ಗುಣ ಪ್ರಬಲವಾದುದು. ಬೇಗ ಗರಿ ಬರುವ ಹುಂಜವನ್ನು ನಿಧಾನದ ಹೇಂಟೆಯೊಡನೆ ಕೂಡಿಸಿದರೆ, ಹೆಣ್ಣುಮರಿಗೆ ತಂದೆಯ ಜೆಡ್ ಮಾತ್ರ ದೊರೆತು ಬೇಗ ಗರಿ ಬರುತ್ತದೆ. ಗಂಡುಮರಿಗೆ ತಾಯಿಯ ಜೆಡ್ ಕೂಡ ಬಂದು ಗರಿ ತಡವಾಗುತ್ತದೆ. ಮೊದಲ ದಿನವೇ ರೆಕ್ಕೆ ಬಿಡಿಸಿ ನೋಡಿದರೆ, ಹೆಣ್ಣಿನಲ್ಲಿ ಕೆಳಸಾಲಿನ ದೊಡ್ಡ ಗರಿಗಳು ಮೇಲುಸಾಲಿನ ಹೊದಿಕೆಗರಿಗಳಿಗಿಂತ ಉದ್ದ. ಗಂಡಿನಲ್ಲಿ ಎರಡೂ ಸಮ, ಅಥವಾ ಕೆಳಸಾಲೇ ಗಿಡ್ಡ. ಈ ಪರೀಕ್ಷೆ ಇಂತಹ ಕೂಡಿಕೆಯ ಮರಿಗಳಿಗೆ ಮಾತ್ರ ಸಲ್ಲುತ್ತದೆ. ಹಿತ್ತಿಲ ನಾಟಿಮರಿಯ ರೆಕ್ಕೆ ನೋಡಿ ಹೆಣ್ಣೋ ಗಂಡೋ ಎಂದು ಹೇಳುವವರ ಮಾತನ್ನು ಶಕುನದ ಲೆಕ್ಕಕ್ಕೆ ಸೇರಿಸುವುದೇ ಸರಿ. ನಿಧಾನದ ಗುಣವುಳ್ಳ ಕೋಳಿಗಳಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಗುರುತಿಸುವ ಜೀನಿನ ಒಂದು ಭಾಗ ಇಮ್ಮಡಿಯಾಗಿದೆಯೆಂದು ೨೦೦೮ರಲ್ಲಿ ತಿಳಿದುಬಂತು. ಹೇಂಟೆಯನ್ನು ಕಾವಿಗೆ ಕೂರಿಸುವ ಹಾರ್ಮೋನೂ ಇದೇ ಎಂಬುದು ಸ್ವಾರಸ್ಯದ ಸಂಗತಿ.

ವಂಶವೊಂದೇ ಸಾಲದು, ಆಹಾರವೂ ಬೇಕು. ಗರಿಯ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ಕೆರಾಟಿನ್ ಎಂಬ ಪ್ರೋಟೀನು. ಅದರಲ್ಲಿ ಗಂಧಕವುಳ್ಳ ಅಮೈನೊ ಆಮ್ಲಗಳು ಹೇರಳ. ಕೋಳಿಯನ್ನು ಬೆಂಕಿಯಲ್ಲಿ ಸುಡುವಾಗ ಬರುವ ಕಮಟುವಾಸನೆಯಲ್ಲಿ ಈ ಗಂಧಕದ ಪಾಲಿದೆ. ಬರಿಯ ನುಚ್ಚು ತಿಂದ ಮರಿಗೆ ಗರಿ ಸೊರಗುತ್ತದೆ. ಮರಿಗಳು ಒಂದನ್ನೊಂದು ಕುಕ್ಕಿ ಗರಿ ಕೀಳುವುದೂ ಉಂಟು. ಹುತ್ತದಿಂದ ಗೆದ್ದಲು ತಂದು ಮರಿಗಳ ಮುಂದೆ ಸುರಿಯುವ ನಮ್ಮ ಹಳ್ಳಿಗರ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಮರಿಗೆ ಕೊಡಬೇಕಾದ ಕಾವಿನ ಲೆಕ್ಕ ಹೀಗಿದೆ: ಮೊದಲ ವಾರ ಸುಮಾರು ೩೫ ಡಿಗ್ರಿ, ಅಲ್ಲಿಂದ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಕೆ. ಬಲ್ಬಿನಡಿ ಮರಿಗಳು ಗುಂಪುಗೂಡಿ ಕೂಗಿದರೆ ಚಳಿ. ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಬಲ್ಬನ್ನು ಪೂರ್ತಿ ತೆಗೆಯುವ ಮುನ್ನ ಪಂಚಾಂಗಕ್ಕಿಂತ ಮರಿಯ ಬೆನ್ನನ್ನು ನೋಡುವುದು ಲೇಸು. ಎದೆಯೂ ಬೆನ್ನೂ ಗರಿಯಿಂದ ಮುಚ್ಚಿದ್ದರೆ ಸರಿ. ಬೋಳು ಉಳಿದಿದ್ದರೆ, ಆರು ವಾರ ಕಳೆದಿದ್ದರೂ, ಚಳಿಯ ರಾತ್ರಿಗಳಲ್ಲಿ ಇನ್ನಷ್ಟು ದಿನ ಕಾವು ಬೇಕು.

ಇಷ್ಟು ಶ್ರಮದಿಂದ ಬಂದ ಈ ಗರಿಗಳೂ ನಿಲ್ಲುವುದಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ರೆಕ್ಕೆಯ ಹತ್ತು ದೊಡ್ಡ ಗರಿಗಳು ಒಳಗಿನಿಂದ ಒಂದೊಂದಾಗಿ ಉದುರಿ ಹೊಸವು ಬರುತ್ತವೆ. ಆದರೆ ಹೊರಗಿನ ಎರಡು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಮೊಟ್ಟೆಯಿಡತೊಡಗಿದ ಎಳೆಯ ಹೇಂಟೆಯ ರೆಕ್ಕೆಯನ್ನು ಬಿಡಿಸಿದರೆ, ತುದಿಯಲ್ಲಿ ಮರಿತನದ ಆ ಎರಡು ಚೂಪು ಗರಿಗಳನ್ನು ಕಾಣಬಹುದು.