ಎರಡು ಮಿಲಿಮೀಟರಿನ ಲೆಕ್ಕ

ಸೊಂಟ ಮುರಿಯಿತು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಚ್ಚಲುಮನೆಯಲ್ಲಿ ಜಾರಿಬಿದ್ದ ಅಜ್ಜಿ. ಅಲ್ಲಿ ಸಾಮಾನ್ಯವಾಗಿ ಮುರಿಯುವುದು ತೊಡೆಮೂಳೆಯ ಕತ್ತಿನ ಭಾಗ. ಇನ್ನೊಂದು ಬಗೆಯ ಮುರಿತವಿದೆ. ತೊಡೆಮೂಳೆಯ ಗುಂಡು ಕೂತು ತಿರುಗುವ ಬಟ್ಟಲೇ ಒಡೆದುಹೋಗುವುದು. ವಯಸ್ಸಾದವರು ಬಿದ್ದಾಗಲೂ ಅದು ಆಗುವುದುಂಟು. ಪ್ರಾಯದವರಿಗೆ ಆಗುವುದು ಬಹುಮಟ್ಟಿಗೆ ರಸ್ತೆ ಅಪಘಾತದಲ್ಲಿ. ಎಪ್ಪತ್ತು ದಾಟುವವರೆಗೂ ನನಗೆ ಇಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಕೌಂಟರಿನಲ್ಲಿ. ಇದನ್ನು ತಿಳಿಯಬೇಕಾಗಿ ಬಂದದ್ದು ನನ್ನ ತಮ್ಮನ ಮಗನ ದೆಸೆಯಿಂದ.

ಹುಡುಗ ಗೆಳೆಯನ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ. ಬೆಲ್ಟ್ ಹಾಕಿರಲಿಲ್ಲ. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಕಾರು ರಸ್ತೆ ಬದಿಯ ಹುಣಸೆಮರಕ್ಕೆ ಗುದ್ದಿತು. ಅವನ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ನೋಡಿದರೆ ಮಂಡಿಯ ಮೇಲೆ ಒಂದು ತರಚುಗಾಯ, ಅಷ್ಟೇ. ಆದರೆ ಕಾಲು ಒಳಕ್ಕೆ ತಿರುಚಿಕೊಂಡು ಇನ್ನೊಂದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು, ನೋವಿಗೆ ಅವನು ಕಿರುಚುತ್ತಿದ್ದ.

ಮಂಡಿಗೆ ಬಿದ್ದ ಏಟಿಗೆ ಸೊಂಟ ಹೇಗೆ ಮುರಿಯುತ್ತದೆ ಎಂದು ನನ್ನ ಮೊಮ್ಮಗಳು ಕೇಳಿದಳು. ಅವಳು ಮಿಕ್ಸಿ ಕಾಲದವಳು. ಹಿತ್ತಲಲ್ಲಿ ಕಾಗೆಗೆ ನೀರಿಡಲು ಬಳಸುವ ಹಳೆಯ ಒರಳನ್ನು ತೋರಿಸಿ ಹೇಳಿದೆ. ಒರಳಿನಲ್ಲಿ ಗುಂಡುಕಲ್ಲು ತಿರುಗುವ ಹಾಗೆ ಸೊಂಟದ ಬಟ್ಟಲಿನಲ್ಲಿ ತೊಡೆಮೂಳೆಯ ಗುಂಡು ತಿರುಗುತ್ತದೆ. ಕೂತಾಗ ತೊಡೆ ಮುಂದಕ್ಕೆ ಚಾಚಿರುತ್ತದೆ. ಮಂಡಿಗೆ ಎದುರಿನಿಂದ ಏಟು ಬಿದ್ದರೆ ಇಡೀ ತೊಡೆಮೂಳೆ ಒನಕೆಯ ಹಾಗೆ ಹಿಂದಕ್ಕೆ ನುಗ್ಗಿ ಬಟ್ಟಲಿನ ಹಿಂಗೋಡೆಯನ್ನು ಒಡೆದು ಗುಂಡು ಹೊರಗೆ ಜಾರುತ್ತದೆ. ಹಾಗಿದ್ದರೆ ನನಗೂ ಒಂದೇ ಬಟ್ಟಲಾ ಎಂದಳು. ಚಿಕ್ಕ ಮಕ್ಕಳಲ್ಲಿ ಅದು ಇನ್ನೂ ಮೂರು ಎಲುಬುಗಳ ಕೂಟ. ನಡುವೆ ಮೃದ್ವಸ್ಥಿ ಇರುತ್ತದೆ, ಹದಿಹರೆಯದಲ್ಲಿ ಮೂರೂ ಬೆಸೆದುಕೊಂಡು ಒಂದಾಗುತ್ತವೆ. ಇದು ನನಗೂ ಆಮೇಲೆ ಗೊತ್ತಾದದ್ದು. ಡಾಕ್ಟರರು ಈ ಬಟ್ಟಲನ್ನು ಅಸಿಟಾಬ್ಯುಲಮ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದು ಹಳೆಯ ರೋಮನ್ನರು ಊಟದ ಮೇಜಿನ ಮೇಲಿಡುತ್ತಿದ್ದ ವಿನೆಗರ್ ಬಟ್ಟಲಿನ ಹೆಸರಂತೆ.

ಊರಿನ ಆಸ್ಪತ್ರೆಯವರು ಆ ರಾತ್ರಿಯೇ ಅರಿವಳಿಕೆ ಕೊಟ್ಟು ಗುಂಡನ್ನು ಮರಳಿ ಕೂರಿಸಿದರು. ಇದರಲ್ಲಿ ತಡ ಮಾಡುವಂತಿಲ್ಲ. ಗಂಟೆಗಳು ಉರುಳಿದಷ್ಟೂ ಗುಂಡಿಗೆ ರಕ್ತ ಹೋಗುವುದು ನಿಂತು ಅದು ಸತ್ತ ಎಲುಬಾಗುವ ಅಪಾಯ ಹೆಚ್ಚು. ಆಮೇಲೆ ಮಂಡಿಯ ಹತ್ತಿರದ ಎಲುಬಿಗೆ ಪಿನ್ ತೂರಿಸಿ ಟ್ರ್ಯಾಕ್ಷನ್ ಹಾಕಿ, ಮಂಚದ ತುದಿಗೆ ತೂಕ ತೂಗುಬಿಟ್ಟರು. ಮಾರನೆಯ ದಿನ ಸಿ.ಟಿ. ಸ್ಕ್ಯಾನ್ ಮಾಡಿಸಿ, "ಬಟ್ಟಲಿನ ಹಿಂಭಾಗ ಚೂರಾಗಿದೆ. ದೊಡ್ಡ ಊರಿಗೆ ಕರೆದುಕೊಂಡು ಹೋಗಿ, ಎರಡು ವಾರದೊಳಗೆ ಆಪರೇಷನ್ ಮಾಡಿ ಪ್ಲೇಟ್ ಹಾಕಿಸಿ" ಎಂದರು.

ಇಲ್ಲಿ ನನ್ನ ತಪ್ಪನ್ನು ಬರೆಯಬೇಕು. ನಮ್ಮ ಮನೆಯಲ್ಲಿ ನಾನೇ ಹಿರಿಯ. ತಮ್ಮ, "ಅಣ್ಣಾ, ನೀನು ಹೇಳಿದ ಹಾಗೆ" ಎಂದ. ನಾನು, "ಗುಂಡು ಕೂತಾಯ್ತಲ್ಲ, ಇನ್ಯಾಕೆ ಕೊಯ್ಸೋದು? ತೂಕ ಹಾಕಿದ್ದಾರೆ, ತಾನೇ ಕೂಡ್ಕೊಳ್ಳುತ್ತೆ ಬಿಡು" ಎಂದೆ. ಮನೆಗೆ ಬಂದ ನೆಂಟರೊಬ್ಬರು ನಾಟಿ ವೈದ್ಯರ ಕಟ್ಟಿನಿಂದ ಗುಣವಾದ ತಮ್ಮ ಮುಂಗೈಯನ್ನು ಎತ್ತಿ ತೋರಿಸಿದರು. ಮೈಯೊಳಗೆ ಕಬ್ಬಿಣ ಇರಬಾರದು ಎಂದು ಇನ್ನೊಬ್ಬರು. ಹೀಗೆ ಎಂಟು ದಿನ ಹೋಯಿತು. ಖರ್ಚಿನ ಯೋಚನೆಯೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂಬತ್ತನೆಯ ದಿನ ಸ್ಕ್ಯಾನ್ ಫಿಲ್ಮುಗಳನ್ನು ಚೀಲದಲ್ಲಿಟ್ಟುಕೊಂಡು ಮೈಸೂರಿನ ಒಬ್ಬ ಮೂಳೆ ಡಾಕ್ಟರ ಮುಂದೆ ಕೂತೆ. ನನ್ನ ಮಗನ ವಯಸ್ಸಿನವರು. "ಸಾರ್, ಹೇಗಿದ್ದರೂ ಎಲುಬು ಕೂಡುತ್ತಲ್ಲ?" ಎಂದು ಕೇಳಿದೆ.

"ಕೂಡುತ್ತೆ ಯಜಮಾನ್ರೇ. ಎಲ್ಲಿ ಕೂಡುತ್ತೆ ಅನ್ನೋದು ಪ್ರಶ್ನೆ" ಎಂದರು.

ಮುಂಗೈಯ ನಡುಭಾಗ ಒಂದಿಷ್ಟು ಸೊಟ್ಟಗೆ ಕೂಡಿದರೂ ಕೆಲಸ ನಡೆದೀತು. ಬಟ್ಟಲಿನ ಒಳಮೈ ಹಾಗಲ್ಲ. ಅದಕ್ಕೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಚೂರುಗಳು ಮೇಲೆ ಕೆಳಗಾಗಿ ಕೂಡಿದರೆ ಒಳಗೊಂದು ಮೆಟ್ಟಿಲು ಉಳಿಯುತ್ತದೆ. ಪ್ರತಿ ಹೆಜ್ಜೆಗೂ ಗುಂಡು ಆ ಮೆಟ್ಟಿಲಿಗೆ ಉಜ್ಜಿ ಸವೆಯುತ್ತದೆ. ಆಮೇಲೆ ಸಂಧಿವಾತ, ನಡು ಪ್ರಾಯದಲ್ಲೇ ಕೀಲು ಬದಲಾವಣೆ. ಎಷ್ಟು ವ್ಯತ್ಯಾಸ ಆದರೆ ಯೋಚನೆ ಎಂದು ಕೇಳಿದೆ. "ಸುಮಾರು ಎರಡು ಮಿಲಿಮೀಟರ್ ದಾಟಿದರೆ" ಎಂದರು. ಮೂರು ವಾರ ಕಳೆದರೆ ಚೂರುಗಳ ಸುತ್ತ ಹೊಸ ಎಲುಬು ಬೆಳೆದು, ಬೇಕೆಂದರೂ ಅವನ್ನು ಬಿಡಿಸಿ ಸರಿಯಾಗಿ ಕೂರಿಸುವುದು ಬಹಳ ಕಷ್ಟವಂತೆ.

ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಎರಡು ಪೈಸೆ ತಾಳೆಯಾಗದೆ ರಾತ್ರಿ ಹತ್ತರವರೆಗೆ ಲೆಡ್ಜರ್ ತಿರುವಿದವರು ನಾವು. ಎರಡು ಮಿಲಿಮೀಟರ್ ಎಂದ ಕೂಡಲೇ ನನಗೆ ಅರ್ಥವಾಯಿತು. ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದೆ. ಅದೇ ದಿನ ಆಂಬುಲೆನ್ಸಿನಲ್ಲಿ ಹುಡುಗನನ್ನು ಕರೆತಂದರು.

ಆ ಡಾಕ್ಟರು ಅಪರೂಪಕ್ಕೆ ಬಿಡುವಾದಾಗ ಹೇಳಿದ ಸಂಗತಿಯೊಂದು ಇಲ್ಲಿ ಬರಬೇಕು. ಒಂದು ಕಾಲದಲ್ಲಿ ಇಂಥ ಮುರಿತವಾದವರನ್ನು ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದೇ ಹೆಚ್ಚಿನ ಕಡೆ ಚಿಕಿತ್ಸೆಯಾಗಿತ್ತು. ಪ್ಯಾರಿಸ್ಸಿನ ರಾಬರ್ಟ್ ಜೂಡೆ ಮತ್ತು ಅವರ ಶಿಷ್ಯ ಎಮಿಲ್ ಲೆಟೂರ್ನೆಲ್ ಬಟ್ಟಲನ್ನು ಮುಂದಿನ ಕಂಬ, ಹಿಂದಿನ ಕಂಬ ಎಂದು ವಿಂಗಡಿಸಿ, ರೋಗಿಯನ್ನು 45 ಡಿಗ್ರಿ ಓರೆಯಾಗಿ ಮಲಗಿಸಿ ಎಕ್ಸ್-ರೇ ತೆಗೆದು, ಮುರಿತಗಳನ್ನು ಹತ್ತು ಬಗೆಯಾಗಿ ಗುರುತಿಸಿದರು. ಯಾವ ಬಗೆಗೆ ಯಾವ ಕಡೆಯಿಂದ ಕೊಯ್ಯಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ. ಅವರ ಹೆಸರಾಂತ ಪ್ರಬಂಧ ಬಂದದ್ದು 1964ರಲ್ಲಿ. ಈಗ ಸಿ.ಟಿ. ಇದ್ದರೂ ಡಾಕ್ಟರರು ಅದೇ ಹತ್ತು ಹೆಸರುಗಳಲ್ಲೇ ಮಾತಾಡುತ್ತಾರೆ. ಲೆಟೂರ್ನೆಲ್ ಹುಟ್ಟಿದ್ದು ಕೆನಡಾ ಪಕ್ಕದ, ಫ್ರಾನ್ಸಿಗೆ ಸೇರಿದ ಒಂದು ಸಣ್ಣ ದ್ವೀಪದಲ್ಲಂತೆ. ಯಾವ ದ್ವೀಪದ ಹುಡುಗನ ಕೆಲಸ ಯಾವ ಊರಿನ ಹುಡುಗನ ಸೊಂಟಕ್ಕೆ!

ಆಪರೇಷನ್ ಹನ್ನೆರಡನೆಯ ದಿನ ಆಯಿತು. ಹಿಂಭಾಗದಿಂದ, ಪೃಷ್ಠದ ಬದಿಯಲ್ಲಿ ಕೊಯ್ದು ಒಳಹೋದರು. ಅಲ್ಲೇ ಕಾಲಿಗಿಳಿಯುವ ಸಯಾಟಿಕ್ ನರವಿದೆ. ಅದು ಬಿಗಿಯಾಗದಿರಲೆಂದು ಮಂಡಿಯನ್ನು ಮಡಿಚಿಯೇ ಇಟ್ಟಿರುತ್ತಾರೆ. ಕೀಲಿನೊಳಗೆ ಸಿಕ್ಕಿಕೊಂಡ ಚೂರುಗಳನ್ನು ತೆಗೆದರು. ಏಟಿಗೆ ಒಳಕ್ಕೆ ಅದುಮಿಹೋಗಿದ್ದ ತುಂಡನ್ನು ಮೆಲ್ಲಗೆ ಮೇಲೆತ್ತಿ, ಗುಂಡಿನ ದುಂಡಗೇ ಅಚ್ಚಾಗಿಟ್ಟು ಹೊಂದಿಸಿದರು. ಕೆಳಗೆ ಉಳಿದ ಟೊಳ್ಳಿಗೆ ಅವನದೇ ಎಲುಬಿನ ತುಣುಕುಗಳನ್ನು ತುಂಬಿದರು. ಆಮೇಲೆ ಹಿಂಗೋಡೆಯ ಮೇಲೆ ಪ್ಲೇಟ್. ನಾನು ಬಾಗಿಲ ಚಿಲಕದ ಪಟ್ಟಿಯಷ್ಟು ದಪ್ಪ ಇರಬಹುದೆಂದುಕೊಂಡಿದ್ದೆ. ಅದೊಂದು ಸಣ್ಣ ಪಟ್ಟಿ. ತೂತು ತೂತಿನ ನಡುವೆ ಕಚ್ಚುಗಳಿರುವುದರಿಂದ ಬಟ್ಟಲಿನ ಬೆನ್ನಿನ ಉಬ್ಬಿಗೆ ತಕ್ಕ ಹಾಗೆ ಎಲ್ಲ ಕಡೆಗೂ ಬಗ್ಗಿಸಬಹುದು. ಸ್ಕ್ರೂಗಳು ಮೂರೂವರೆ ಮಿಲಿಮೀಟರಿನವು. ಅವುಗಳ ತುದಿ ಕೀಲಿನೊಳಗೆ ಇಣುಕಿದರೆ ಕೆಲಸವೆಲ್ಲ ಹಾಳು. ಅದಕ್ಕೇ ಆಪರೇಷನ್ ಮಧ್ಯದಲ್ಲೇ ಮತ್ತೆ ಮತ್ತೆ ಎಕ್ಸ್-ರೇ ನೋಡುತ್ತಾರೆ. ನಾಲ್ಕು ಗಂಟೆ ನಾವು ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ತಮ್ಮ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಹನ್ನೆರಡು ವಾರ ಆ ಕಾಲಿನ ಬೆರಳು ನೆಲಕ್ಕೆ ತಾಗಿಸಬಹುದು, ಭಾರ ಬಿಡುವಂತಿಲ್ಲ. ವಾಕರ್ ಹಿಡಿದೇ ಓಡಾಟ. ಚಕ್ಕಂಬಕ್ಕಲ ಇಲ್ಲ, ಕುಕ್ಕುರುಗಾಲು ಇಲ್ಲ, ತಗ್ಗಿನ ಸ್ಟೂಲೂ ಇಲ್ಲ. ನಮ್ಮ ಮನೆಗಳ ಕಕ್ಕಸು ಯಾವ ಬಗೆಯದೆಂದು ನಿಮಗೆ ಗೊತ್ತು. ಮೇಲೆ ಕೂರುವ ಕಮೋಡ್ ಕುರ್ಚಿಯೊಂದನ್ನು ತಂದೆವು. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದಿರಲೆಂದು ಹೊಟ್ಟೆಗೆ ದಿನಕ್ಕೊಂದು ಇಂಜೆಕ್ಷನ್. ಅದನ್ನು ಚುಚ್ಚಲು ನನ್ನ ತಮ್ಮನ ಹೆಂಡತಿ ಕಲಿತಳು, ಗಂಡಸರ ಕೈ ನಡುಗುತ್ತಿತ್ತು. ಅಪಘಾತದಲ್ಲೇ ನರಕ್ಕೆ ಪೆಟ್ಟಾಗಿ ಪಾದ ಮೇಲೆತ್ತಲು ಬರುತ್ತಿರಲಿಲ್ಲ. ಚಪ್ಪಲಿ ಕಳಚಿ ಬೀಳುತ್ತಿತ್ತು. ಐದು ತಿಂಗಳು ಪಟ್ಟಿ ಕಟ್ಟಿಕೊಂಡಿದ್ದ. ಒಂದು ಬೆಳಿಗ್ಗೆ ಹೆಬ್ಬೆರಳು ಆಡಿತೆಂದು ಇಡೀ ಮನೆಗೆ ಕೂಗಿ ಹೇಳಿದ.

ಪ್ಲೇಟ್ ತೆಗೆಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ತೆಗೆಯುವುದಿಲ್ಲ. ಎಷ್ಟು ಚೆನ್ನಾಗಿ ಕೂರಿಸಿದರೂ ಕೆಲವರಿಗೆ ಮುಂದೆ ಕೀಲು ಸವೆಯುವುದುಂಟು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಎರಡು ವರ್ಷದ ಎಕ್ಸ್-ರೇಯಲ್ಲಿ ಗುಂಡು ದುಂಡಗೇ ಇದೆ, ಬಟ್ಟಲೂ ನಯವಾಗಿದೆ. ಆ ಎಂಟು ದಿನ ಹೆಚ್ಚೇನೂ ಕೆಡಿಸಲಿಲ್ಲವಂತೆ. ಇನ್ನೂ ಹತ್ತು ದಿನ ನನ್ನ ಮಾತು ನಡೆದಿದ್ದರೆ ಎಂದು ಯೋಚಿಸಿ ನಾನು ನಿದ್ದೆಗೆಟ್ಟದ್ದುಂಟು.

ಕಳೆದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಎಲ್ಲರೂ ನೆಲದ ಪಂಕ್ತಿಗೆ ಕೂತರು. ಹುಡುಗ ಮೂಲೆಯ ಟೇಬಲ್ಲಿನಲ್ಲಿ ಒಬ್ಬನೇ ಎಲೆ ಹಾಕಿಸಿಕೊಂಡ. ನಾನೂ ಹೋಗಿ ಅವನ ಪಕ್ಕ ಕೂತೆ. "ದೊಡ್ಡಪ್ಪ, ನಿಮಗೇನಾಗಿದೆ ಕೆಳಗೆ ಕೂರೋಕೆ?" ಎಂದ.

ಮಂಡಿನೋವು ಎಂದೆ.