ಸಾಕಿದ ನಾಯಿಯನ್ನು ಕುರಿಹಿಂಡಿನ ಹತ್ತಿರ ಬಿಡುವ ಮುನ್ನ

ಸೊಲ್ಲಾಪುರ, ಸಾಂಗಲಿಯಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರು ರಜೆಗೆ ಜತ್ತ ಕಡೆಯ ಊರುಗಳಿಗೆ ಹೋಗುವಾಗ ಮನೆಯ ನಾಯಿಯನ್ನೂ ಕರೆದೊಯ್ಯುತ್ತಾರೆ. ಹಿಂಡು ಕಂಡ ಕೂಡಲೇ ಅದು ಓಡುತ್ತದೆ. “ನೋಡ್ರಿ, ಕುರಿ ಕಾಯ್ತದ” ಎಂದು ನಗುತ್ತಾರೆ. ಅದು ಕಾಯುವುದಲ್ಲ, ಬೇಟೆ. ಹಾಗೆ ಬೆನ್ನಟ್ಟಿದರೆ ಗಬ್ಬದ ಕುರಿ ಕಂದು ಹಾಕಬಹುದು.

ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ಬಾರ್ಡರ್ ಕೋಲಿ (ಅದೂ ನಮ್ಮಂತೆ ಗಡಿನಾಡಿನದೇ!) ಕಚ್ಚದೆ, ಬರೀ ಕಣ್ಣಿಟ್ಟು ಹಿಂಡನ್ನು ತಿರುಗಿಸುತ್ತದೆ. ನಮ್ಮಲ್ಲಿ ಹಿಂಡು ನಡೆಸುವವನು ಕುರಿಗಾರ. ನಾಯಿಯ ಕೆಲಸ ರಾತ್ರಿ ಹಟ್ಟಿಯ ಸುತ್ತ ಇದ್ದು ತೋಳ ಬಂದರೆ ಬೊಗಳುವುದು. ಅದಕ್ಕೆ ಮರಿಯನ್ನು ಸುಮಾರು 8 ವಾರದಿಂದಲೇ ಕುರಿಗಳ ನಡುವೆ ಬೆಳೆಸುವುದು ಒಳ್ಳೆಯದು.

ಬೆಳೆದ ನಾಯಿಯಾದರೆ ಹಿಂಡಿನ ಯಜಮಾನರನ್ನು ಕೇಳಿಯೇ ಹೋಗಿ, ಮೊದಲ ದಿನ ಹಗ್ಗ ಬಿಚ್ಚಲೇಬೇಡಿ. ಕುರಿಗಳು ಮೇಯುವಾಗ ದೂರದಿಂದ ತೋರಿಸಿ. ಕಿವಿ ನಿಗುರಿ ಮೈ ಬಿಗಿದರೆ ಹಿಂದೆ ಸರಿಯಿರಿ. ನಿಮ್ಮತ್ತ ತಿರುಗಿ ನೋಡಿದರೆ ತುಂಡು ರೊಟ್ಟಿ ಕೊಡಿ. 10 ನಿಮಿಷ ಸಾಕು. ಮುಧೋಳ ನಾಯಿ ಮೊಲ ಅಟ್ಟಲೆಂದೇ ಬೆಳೆದ ತಳಿ, ಇನ್ನಷ್ಟು ಎಚ್ಚರ. ಮರಿ ಹಾಕಿದ ಕುರಿಯ ಹತ್ತಿರ ಬೇಡವೇ ಬೇಡ.

ರೇಬೀಸ್ ಲಸಿಕೆ, ಜಂತುಹುಳುವಿನ ಔಷಧ ಮುಗಿಸಿಯೇ ಹೊರಡಿ. ನಾಯಿಯ ಮಲದಿಂದ ಹರಡುವ ಒಂದು ಲಾಡಿಹುಳು ಕುರಿಯ ಮಿದುಳು ಸೇರಿದರೆ ಕುರಿ ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಕೊಯ್ದ ಕುರಿಯ ತಲೆಯನ್ನು ನಾಯಿಗೆ ಹಸಿಯಾಗಿ ಹಾಕಬೇಡಿ.